ಗೌರಿ ಹೂವಿನ ಗೆಡ್ಡೆ ಮತ್ತು ಒಡೆಯಲಾರದ ಕೋಶ

ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ ಕೆಂಪು-ಹಳದಿ ಎಸಳುಗಳನ್ನು ಮೇಲಕ್ಕೆ ಮಡಚಿಕೊಂಡು ಅರಳುವ ಗೌರಿ ಹೂವನ್ನು ನೋಡಿದವರೆಲ್ಲ ಮೆಚ್ಚುತ್ತಾರೆ. ಅದರ ಗೆಡ್ಡೆ ಮಾತ್ರ ಕಡುವಿಷ. ಗೆಣಸೆಂದು ಬೇಯಿಸಿ ತಿಂದವರೂ, ‘ಗಿಡಮೂಲಿಕೆ ತಾನೇ, ಏನಾದೀತು’ ಎಂದು ಅರೆದು ಕುಡಿದವರೂ ದಕ್ಷಿಣ ಭಾರತದಲ್ಲಿ, ಶ್ರೀಲಂಕಾದಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಈ ವಿಷ ಏರುವ ಕ್ರಮವೇ ವಿಚಿತ್ರ. ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಕೆಲವು ದಿನಗಳಲ್ಲಿ ರಕ್ತದ ಬಿಳಿಕಣಗಳು ಕುಸಿಯುತ್ತವೆ. ಅದನ್ನೂ ದಾಟಿ ಬದುಕಿದವರಿಗೆ ವಾರವೋ ಎರಡು ವಾರವೋ ಕಳೆದ ಮೇಲೆ ತಲೆಗೂದಲು ಉದುರುತ್ತದೆ.

ಕರುಳು, ಮೂಳೆಮಜ್ಜೆ, ಕೂದಲಿನ ಬುಡ. ನಮ್ಮ ದೇಹದಲ್ಲಿ ಕೋಶಗಳು ಬಿಡುವಿಲ್ಲದೆ ಒಡೆದು ಎರಡಾಗುವ ಜಾಗಗಳಿವು. ಸಣ್ಣಕರುಳಿನ ಒಳಪದರ ಮೂರರಿಂದ ಐದು ದಿನಗಳಲ್ಲಿ ಹೊಸದಾಗುತ್ತದೆ; ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣಗಳನ್ನು ಹೊರಬಿಡುತ್ತದೆ. ಏಳು ವರ್ಷಕ್ಕೊಮ್ಮೆ ಇಡೀ ದೇಹವೇ ಹೊಸದಾಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಂದೇಶವನ್ನು ನಂಬುವವರಿಗೆ ಈ ವಿಷವೇ ಉತ್ತರ: ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಹೊಸದಾಗುತ್ತಿದ್ದರೆ ಅದು ಹೀಗೆ ಆರಿಸಿ ಆರಿಸಿ ಹೊಡೆಯುತ್ತಿರಲಿಲ್ಲ. ಶೀತಲ ಸಮರದ ಕಾಲದ ಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್-14 ಅನ್ನು ಡಿಎನ್‌ಎಯಲ್ಲಿ ಅಳೆದು, ಸ್ವೀಡನ್ನಿನ ಯೊನಾಸ್ ಫ್ರಿಸೆನ್ ತಂಡ ಕೋಶಗಳ ವಯಸ್ಸನ್ನೇ ಲೆಕ್ಕ ಹಾಕಿತು. 25ರ ಹರೆಯದಲ್ಲಿಯೂ ಹೃದಯದ ಸ್ನಾಯುಕೋಶಗಳಲ್ಲಿ ಹೊಸದಾಗುವುದು ವರ್ಷಕ್ಕೆ ಶೇಕಡಾ 1ರಷ್ಟು. ಮಿದುಳಿನ ಹೊರಪದರದ ನರಕೋಶಗಳಿಗಂತೂ ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸು.

ಗೆಡ್ಡೆಯಲ್ಲಿರುವುದು ಕಾಲ್ಚಿಸಿನ್. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅಳೆದು ತೂಗಿ ಕೊಡುವ ಮಾತ್ರೆಯೂ ಇದೇ. ಆದರೆ ಗೆಡ್ಡೆಯಲ್ಲಿ ಅದು ಎಷ್ಟಿದೆ ಎಂದು ಅರೆಯುವವರಿಗೆ ತಿಳಿಯುವ ದಾರಿಯಿಲ್ಲ. ಒಡೆಯಲು ಹೊರಟ ಮನುಷ್ಯ ಕೋಶದಲ್ಲಿ 46 ವರ್ಣತಂತುಗಳು, ಪ್ರತಿಯೊಂದೂ ನಕಲಾಗಿ ಜೋಡಿಯಾಗಿ ನಿಂತಿರುತ್ತವೆ. ಎರಡು ಧ್ರುವಗಳಿಂದ ಟ್ಯುಬುಲಿನ್ ಎಂಬ ಪ್ರೋಟೀನಿನ ಎಳೆಗಳು ಹೊರಟು ಕದಿರಿನಾಕಾರ ತಳೆಯುತ್ತವೆ. ಈ ಎಳೆಗಳು ಬೆಳೆಯುತ್ತವೆ, ಥಟ್ಟನೆ ಕುಸಿಯುತ್ತವೆ, ಮತ್ತೆ ಬೇರೆ ದಿಕ್ಕಿಗೆ ಬೆಳೆಯುತ್ತವೆ. ಹೀಗೆ ತಡಕಾಡುತ್ತಲೇ ಅವು ವರ್ಣತಂತುಗಳ ಹಿಡಿಗಳನ್ನು, ಅಂದರೆ ಎಳೆ ಬಂದು ಅಂಟಿಕೊಳ್ಳುವ ಜಾಗಗಳನ್ನು, ಪತ್ತೆ ಮಾಡುತ್ತವೆ. ಒಟ್ಟು 92 ಹಿಡಿಗಳು. ಒಂದೇ ಜೋಡಿಯ ಎರಡು ಹಿಡಿಗಳಿಗೆ ಎದುರುಬದುರು ಧ್ರುವಗಳ ಎಳೆಗಳು ಸಿಗಬೇಕು. ಕಾಲ್ಚಿಸಿನ್ ಟ್ಯುಬುಲಿನ್‌ಗೆ ಅಂಟಿಕೊಂಡು ಎಳೆ ಬೆಳೆಯದಂತೆ ಮಾಡುತ್ತದೆ.

ಎಳೆ ಸಿಗದಿದ್ದರೆ ಕೋಶ ಹೇಗೋ ಏನೋ ಒಡೆದುಕೊಂಡು ಹೋಗಬಹುದಿತ್ತಲ್ಲ? ಹೋಗುವುದಿಲ್ಲ, ಕಾಯುತ್ತದೆ. ನನಗೆ ಇಡೀ ಜೀವಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಏರ್ಪಾಡು ಕಂಡಿಲ್ಲ. ಎಲ್ಲವೂ ಸರಿಯಾಗಿದೆ ಎಂದು ಯಾರೋ ಎಣಿಸಿ ಒಪ್ಪಿಗೆ ಕೊಡುತ್ತಾರೆಂದು ನಾವು ಊಹಿಸುತ್ತೇವೆ. ನಡೆಯುವುದು ತಿರುವುಮುರುವು: ಎಳೆ ಸಿಗದ ಪ್ರತಿಯೊಂದು ಹಿಡಿಯೂ ‘ತಡೆ’ ಎಂಬ ರಾಸಾಯನಿಕ ಸಂದೇಶವನ್ನು ಹೊರಡಿಸುತ್ತಲೇ ಇರುತ್ತದೆ. ಹತ್ತಲಾಗದ ಒಬ್ಬನೇ ಪ್ರಯಾಣಿಕ ‘ಹೋಲ್ಡಾನ್, ಹೋಲ್ಡಾನ್’ ಎಂದು ಕೂಗುತ್ತಿರುವವರೆಗೆ ಬಸ್ಸು ಕದಲುವುದಿಲ್ಲ; ರೈಟ್ ಹೇಳುವ ಕಂಡಕ್ಟರನೇ ಅಲ್ಲಿಲ್ಲ, ಕೂಗು ನಿಂತರೆ ಅದೇ ರೈಟ್. 1995ರಲ್ಲಿ ಅಮೆರಿಕದ ಕಾನ್ಲಿ ರೀಡರ್ ಮತ್ತು ಸಂಗಡಿಗರು, ಎಳೆ ಸಿಗದೆ ಉಳಿದಿದ್ದ ಒಂದೇ ಒಂದು ಹಿಡಿಯನ್ನು ಲೇಸರ್‌ನಿಂದ ಸುಟ್ಟರು. ಆ ವರ್ಣತಂತು ಇನ್ನೂ ಸರಿಯಾಗಿ ಸಿಕ್ಕಿಕೊಂಡೇ ಇರಲಿಲ್ಲ, ಆದರೂ ಕೋಶ ವಿಭಜನೆಗೆ ಮುಂದಾಯಿತು. ವಿಷದ ಹೊಡೆತಕ್ಕೆ ಸಿಕ್ಕ ಕೋಶದಲ್ಲಿ ಈ ಕೂಗು ನಿಲ್ಲುವುದೇ ಇಲ್ಲ. ಕಾದು ಕಾದು ಹಲವು ಕೋಶಗಳು ಸಾಯುತ್ತವೆ.

ಹೀಗೆ ನಿಂತ ಕೋಶದಲ್ಲಿ ವರ್ಣತಂತುಗಳು ದಪ್ಪಗೆ, ಎಣಿಸಲು ಸಿಗುವಂತೆ ಇರುತ್ತವೆ. 1923ರಲ್ಲಿ ಥಿಯೊಫಿಲಸ್ ಪೇಂಟರ್ ಮನುಷ್ಯನ ವರ್ಣತಂತುಗಳು 48 ಎಂದಿದ್ದರು. ಮೂರು ದಶಕ ಪಠ್ಯಪುಸ್ತಕಗಳೂ ಅದನ್ನೇ ಒಪ್ಪಿದವು. 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟಿಯೊ ಕಾಲ್ಚಿಸಿನ್‌ನಿಂದ ಕೋಶಗಳನ್ನು ತಡೆದು, ಉಪ್ಪಿನಂಶ ಕಡಿಮೆಯಿದ್ದ ದ್ರಾವಣದಲ್ಲಿ ಉಬ್ಬಿಸಿ ಎಣಿಸಿದಾಗ ಸಿಕ್ಕಿದ್ದು 46. ಆ ಪ್ರಯೋಗಾಲಯದ ಆಲ್ಬರ್ಟ್ ಲೆವಾನ್ ಈರುಳ್ಳಿ ಬೇರುಗಳ ಮೇಲೆ ಕಾಲ್ಚಿಸಿನ್ ಪ್ರಯೋಗಿಸಿ ಆಗಲೇ ಪಳಗಿದ್ದವರು.

ಮೂರು ವರ್ಷ ಕಳೆದು, 1959ರಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ವರ್ಣತಂತುಗಳಿವೆ ಎಂದು ಪ್ಯಾರಿಸ್ಸಿನಿಂದ ವರದಿ ಬಂತು. ಸಾಮಾನ್ಯ ವಿಭಜನೆಯಲ್ಲಿ ಲೆಕ್ಕ ಹಾಗೆಯೇ ಉಳಿಯುತ್ತದೆ. ಅಂಡಾಣು, ವೀರ್ಯಾಣುಗಳಾಗುವಾಗ ಅರ್ಧವಾಗಬೇಕು. ಅಂಡಾಣುಗಳು ಈ ವಿಭಜನೆಯನ್ನು ಆರಂಭಿಸುವುದು ಹೆಣ್ಣುಮಗು ತನ್ನ ತಾಯಿಯ ಗರ್ಭದಲ್ಲಿದ್ದಾಗ. ಅಲ್ಲಿಗೆ ನಿಂತದ್ದು ಮುಂದುವರಿಯುವುದು ಹದಿನೈದೋ ನಲವತ್ತೋ ವರ್ಷಗಳ ನಂತರ. ಅಷ್ಟರಲ್ಲಿ ವರ್ಣತಂತುಗಳನ್ನು ಹಿಡಿದಿಟ್ಟ ಪ್ರೋಟೀನ್ ಬಳೆಗಳು ಸಡಿಲವಾಗುತ್ತವೆ, ‘ತಡೆ’ ಎನ್ನುವ ಏರ್ಪಾಡೂ ಅಂಡಾಣುವಿನಲ್ಲಿ ಅಷ್ಟು ಬಿಗಿಯಲ್ಲ. ಡೌನ್ ಸಿಂಡ್ರೋಮ್‌ನ ಹೆಚ್ಚಿನ ಪ್ರಕರಣಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಹೀಗಿದ್ದೂ ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳೆಂದು ತಾಯಿಯನ್ನು ಹಳಿಯುವ ಮನೆಗಳಿವೆ. ಬಹುಪಾಲು ಗರ್ಭ ಕಟ್ಟುವ ಮೊದಲೇ ಆಗಿಹೋದದ್ದಕ್ಕೆ ಆಮೇಲೆ ಬಂದ ಗ್ರಹಣ ಹೇಗೆ ಕಾರಣವಾದೀತು?

ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿಂಕ್ರಿಸ್ಟಿನ್ ಹಿಡಿಯುವುದೂ ಇದೇ ಟ್ಯುಬುಲಿನ್ನನ್ನು. ಮಕ್ಕಳ ರಕ್ತ ಕ್ಯಾನ್ಸರಿಗೆ ಅದು ಮುಖ್ಯ ಔಷಧಗಳಲ್ಲಿ ಒಂದು. ಅದನ್ನು ಪಡೆದ ಮಕ್ಕಳಿಗೆ ಕಾಲ್ಬೆರಳುಗಳು ಜೋಮು ಹಿಡಿಯುವುದುಂಟು. ನರಕೋಶಗಳು ಒಡೆಯುವುದಿಲ್ಲ, ನಿಜ. ಆದರೆ ಬೆನ್ನುಹುರಿಯ ಬಳಿಯಿಂದ ಪಾದದ ತುದಿಯವರೆಗೆ ಅವು ಸಾಮಗ್ರಿ ಸಾಗಿಸುವುದು ಇವೇ ಎಳೆಗಳ ಮೇಲೆ, ಹಾಗಾಗಿ ತೊಂದರೆ ಮೊದಲು ಕಾಣಿಸುವುದು ಅತಿ ಉದ್ದದ ನರಗಳಲ್ಲಿ.