ಮುಟ್ಟಿದ್ದೆಲ್ಲ ಸರಕಲ್ಲ

ಪ್ರಶ್ನೆ: ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಸರಕು ಯಾವುದು, ಸೇವೆ ಯಾವುದು ಅಂತ ಸುಲಭವಾಗಿ ಹೇಳಿಕೊಡುವುದು ಹೇಗೆ ಟೀಚರೇ?

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಚಿಕ್ಕದು. ದುಡ್ಡು ಕೊಟ್ಟು ಒಂದು ವಸ್ತುವನ್ನು ನಮ್ಮದು ಮಾಡಿಕೊಂಡರೆ ಅದು ಸರಕು. ದುಡ್ಡು ಕೊಟ್ಟು ಯಾರ ಹತ್ತಿರವಾದರೂ ಕೆಲಸ ಮಾಡಿಸಿಕೊಂಡರೆ ಅದು ಸೇವೆ. ಮೀನು ಮಾರ್ಕೆಟ್ಟಿನಲ್ಲಿ ತೆಗೆದುಕೊಂಡ ಬಂಗುಡೆ ಸರಕು. ಅದನ್ನು ಅಲ್ಲೇ ಕ್ಲೀನ್ ಮಾಡಿ ಕೊಡುವವರಿಗೆ ಬೇರೆ ದುಡ್ಡು ಕೊಡುತ್ತೇವಲ್ಲ, ಅದು ಸೇವೆಗೆ. ಮಗುವನ್ನು ಒಂದು ಸಲ ಕರೆದುಕೊಂಡು ಹೋಗಿ ಈ ಎರಡು ಲೆಕ್ಕ ತೋರಿಸಿ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಮನೆಯಲ್ಲಿ, ಟ್ಯೂಷನ್ನಿನಲ್ಲಿ, ವರ್ಕ್‌ಶೀಟಿನಲ್ಲಿ ಮಕ್ಕಳಿಗೆ ಮೊದಲೇ ಒಂದು ಸೂತ್ರ ಬಾಯಿಪಾಠ ಆಗಿರುತ್ತದೆ: ಮುಟ್ಟಲು ಆಗುವುದು ಸರಕು, ಮುಟ್ಟಲು ಆಗದ್ದು ಸೇವೆ. ದಯವಿಟ್ಟು ಇದನ್ನು ಬಿಡಿ. ಎಷ್ಟು ಸಲ ಹೇಳಿದರೂ ಇದು ತಿರುಗಿ ಬರುತ್ತದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಉಡುಪಿಯಿಂದ ಮಂಗಳೂರಿಗೆ ಬಸ್ಸು ಹತ್ತುತ್ತೀರಿ. ಕಂಡಕ್ಟರ್ ಟಿಕೆಟ್ ಕೊಡುತ್ತಾರೆ. ಅದನ್ನು ಮುಟ್ಟಬಹುದು, ಮಡಚಬಹುದು, ಮಗು ಅದರಲ್ಲಿ ದೋಣಿಯೂ ಮಾಡುತ್ತದೆ. ಹಾಗಂತ ನಾವು ಕಾಗದ ಕೊಂಡೆವಾ? ದುಡ್ಡು ಕೊಟ್ಟದ್ದು ಮಂಗಳೂರಿಗೆ ತಲುಪಿಸುವುದಕ್ಕೆ. ಸೂತ್ರ ಕಲಿತ ಮಗು ಮಾತ್ರ ‘ಟಿಕೆಟ್ ಕೈಗೆ ಸಿಕ್ಕಿತು, ಸರಕು’ ಅನ್ನುತ್ತದೆ. ಅದು ಮಗುವಿನ ತಪ್ಪಲ್ಲ.

ಕೊಬ್ಬರಿ ನೋಡಿ. ಮನೆಯ ತೆಂಗಿನಕಾಯಿ ಒಣಗಿಸಿ ಮಿಲ್ಲಿಗೆ ಕೊಂಡುಹೋಗಿ ಎಣ್ಣೆ ತೆಗೆಸುತ್ತೇವೆ. ಕ್ಯಾನ್ ತುಂಬ ಎಣ್ಣೆ ಮನೆಗೆ ಬರುತ್ತದೆ. ಮುಟ್ಟಬಹುದು, ತಲೆಗೂ ಹಚ್ಚಬಹುದು. ಆದರೆ ಕೊಬ್ಬರಿಯೂ ನಮ್ಮದೇ, ಎಣ್ಣೆಯೂ ನಮ್ಮದೇ. ಮಿಲ್ಲಿನವರಿಗೆ ಕೊಟ್ಟದ್ದು ಎಣ್ಣೆ ತೆಗೆದುಕೊಟ್ಟ ಮಜೂರಿ. ಅದು ಸೇವೆ. ಅದೇ ಎಣ್ಣೆಯನ್ನು ಅಂಗಡಿಯಿಂದ ಬಾಟಲಿಯಲ್ಲಿ ತಂದರೆ ಸರಕು. ಯೂನಿಫಾರ್ಮಿನ ಬಟ್ಟೆ ಟೈಲರಿಗೆ ಕೊಟ್ಟು ಹೊಲಿಸುವುದಕ್ಕೂ ರೆಡಿಮೇಡ್ ತರುವುದಕ್ಕೂ ಇದೇ ವ್ಯತ್ಯಾಸ. ವಸ್ತು ಒಂದೇ, ವ್ಯವಹಾರ ಬೇರೆ. ಮುಟ್ಟಿ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ಇದು ನಾನು ಕಟ್ಟಿದ ಲೆಕ್ಕವೂ ಅಲ್ಲ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಕಾನೂನು ಹೀಗೇ ಹೇಳುತ್ತದೆ: ಬೇರೆಯವರ ವಸ್ತುವಿನ ಮೇಲೆ ಮಾಡಿಕೊಟ್ಟ ಕೆಲಸ ಸೇವೆ. ಹೋಟೆಲಿನಲ್ಲಿ ಕೂತು ತಿಂದ ಗೋಳಿಬಜೆ ಕೂಡ ಆ ಕಾನೂನಿನಲ್ಲಿ ಸೇವೆಯೇ. ಸೇವೆಗಳ ಕೋಡ್‌ಗಳು 99ರಿಂದ ಶುರುವಾಗುತ್ತವೆ. ಹೋಟೆಲ್ ಬಿಲ್ಲಿನಲ್ಲಿ ಕೋಡ್ ಹಾಕಿದ್ದರೆ 9963 ಅಂತ ಕಾಣುತ್ತದೆ. ಬಿಸಿಬಿಸಿ ಬಜೆ ತಟ್ಟೆಯಲ್ಲೇ ಇದೆ, ಆದರೂ ಸೇವೆ!

ಇನ್ನು ಕರೆಂಟ್. ಮುಟ್ಟಲು ಆಗುವುದಿಲ್ಲ, ಮುಟ್ಟಲೂ ಬಾರದು. ಸೂತ್ರದ ಪ್ರಕಾರ ಸೇವೆ ಆಗಬೇಕಿತ್ತು. ಸುಪ್ರೀಂ ಕೋರ್ಟ್ ಅದನ್ನು ಸರಕು ಅಂತಲೇ ಹೇಳಿದೆ. ಜಿಎಸ್‌ಟಿ ಪಟ್ಟಿಯಲ್ಲೂ ಅದು ಸರಕಿನ ಸಾಲಿನಲ್ಲಿದೆ. ಮೀಟರ್ ಓಡುತ್ತದೆ, ಮೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ ಲೆಕ್ಕ ಬರುತ್ತದೆ ಅಲ್ವಾ?

ಮಕ್ಕಳಿಗೆ ಕಾನೂನು, ಕೋಡ್ ಯಾವುದೂ ಬೇಡ. ಅದು ನಿಮಗೆ ಹೇಳಿದ್ದು. ಮಕ್ಕಳ ಹತ್ತಿರ ಒಂದೇ ಪ್ರಶ್ನೆ ಕೇಳಿ: ‘ಈಗ ನಾವು ದುಡ್ಡು ಯಾತಕ್ಕೆ ಕೊಟ್ಟೆವು?’ ಸಾಕು. ನನ್ನ ಕ್ಲಾಸಿನ ಮಕ್ಕಳು ಸೆಲೂನಿನಲ್ಲಿ ಕೂದಲು ಕತ್ತರಿಸಿದ್ದು ಸೇವೆ, ಅಲ್ಲೇ ತಂದ ಶಾಂಪೂ ಸರಕು ಅಂತ ತಾವೇ ಬೇರೆ ಮಾಡಿ ಹೇಳುತ್ತಾರೆ. ಹೋಟೆಲಿನ ವಿಷಯದಲ್ಲಿ ‘ಬಜೆ ಸರಕು, ಕಾಯಿಸಿ ತಂದುಕೊಟ್ಟದ್ದು ಸೇವೆ, ಎರಡೂ ಇದೆ’ ಅಂದರೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಆರು ವರ್ಷದ ಮಗು ಅಷ್ಟು ಯೋಚನೆ ಮಾಡಿತು ಅನ್ನುವುದೇ ನನಗೆ ದೊಡ್ಡದು.

ಯಾರೂ ಕೇಳದ ಇನ್ನೊಂದು ವಿಷಯ ಇದೆ, ಬ್ಯಾಂಕ್. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ. ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ. ಇಷ್ಟು ಬ್ಯಾಂಕು ಹುಟ್ಟಿಸಿದ ಊರಿನ ಮಕ್ಕಳಿಗೆ ಬ್ಯಾಂಕು ಕೊಡುವುದೇನು ಅಂತ ಗೊತ್ತಿರಬೇಡವೇ? ಎಟಿಎಂನಿಂದ ಬರುವ ನೋಟು ಸರಕಲ್ಲ. ಅದು ಮೊದಲೇ ನಮ್ಮದು. ಬ್ಯಾಂಕು ಕೊಡುವುದು ಅದನ್ನು ಕಾಯುವ, ಬೇಕಾದಾಗ ಕೈಗೆ ಒದಗಿಸುವ ಸೇವೆ.

ಇದಕ್ಕೆ ಪಿಗ್ಮಿಗಿಂತ, ಅಂದರೆ ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕಟ್ಟುವ ಬ್ಯಾಂಕ್ ಉಳಿತಾಯಕ್ಕಿಂತ, ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸಿಂಡಿಕೇಟ್‌ನವರು 1928ರಲ್ಲಿ ಅದನ್ನು ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದರು. ಪೇಟೆಯ ಅಂಗಡಿಗಳಿಗೆ ಪಿಗ್ಮಿಯವರು ಈಗಲೂ ಬರುತ್ತಾರೆ. ಮುಂದಿನ ಸಲ ಕಂಡರೆ ಮಗುವಿಗೆ ತೋರಿಸಿ ಕೇಳಿ: ‘ಇವರು ಏನೂ ತರಲಿಲ್ಲ, ದುಡ್ಡು ತೆಗೆದುಕೊಂಡೇ ಹೋದರು. ಆದರೂ ಅಂಗಡಿಯವರು ಇವರನ್ನು ಕಾಯುವುದು ಯಾಕೆ?’