ಅಕ್ವೇರಿಯಂ ಗಿಡದ ಬೇರಿಗೆ ಯಾವ ಗೊಬ್ಬರ? ತೋಟದ ಡಿಎಪಿ ಆಗುತ್ತದೆಯೇ?

ಪ್ರಶ್ನೆ: ಎರಡಡಿ ಟ್ಯಾಂಕ್‌ನಲ್ಲಿ ಮೂರು ತಿಂಗಳ ಹಿಂದೆ ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾ ಮತ್ತು ಒಂದು ಅನುಬಿಯಾಸ್ ನೆಟ್ಟಿದ್ದೇನೆ. ತಳದಲ್ಲಿ ತೊಳೆದ ಗ್ರಾವೆಲ್ ಬಿಟ್ಟು ಬೇರೇನೂ ಇಲ್ಲ. ಬೋರ್‌ವೆಲ್ ನೀರು. ಸ್ವೋರ್ಡ್‌ನ ಹೊಸ ಎಲೆಗಳು ಬಿಳಚಿಕೊಂಡು ಬರುತ್ತಿವೆ. ಅಂಗಡಿಯವರು ರೂಟ್ ಟ್ಯಾಬ್ (ಬೇರಿನ ಬಳಿ ಹೂಳುವ ಗೊಬ್ಬರದ ಮಾತ್ರೆ) ಹಾಕಿ ಎಂದರು, ಆದರೆ ಅದರಲ್ಲೇ ಹತ್ತು ತರಹ ಇವೆ. ಯಾವುದನ್ನು ತರಲಿ? ತೋಟಕ್ಕೆ ತಂದ ಡಿಎಪಿ ಮನೆಯಲ್ಲೇ ಇದೆ, ಅದನ್ನೇ ಚಿಟಿಕೆಯಷ್ಟು ಬುಡದಲ್ಲಿ ಹೂತರೆ ಆಗದೇ?

ಉತ್ತರ: ಮೊದಲು ಡಿಎಪಿ ವಿಷಯ, ಏಕೆಂದರೆ ಅದರಲ್ಲಿ ಮೀನಿನ ಜೀವವಿದೆ. ದಯವಿಟ್ಟು ಹಾಕಬೇಡಿ. ಡಿಎಪಿಯಲ್ಲಿ ಶೇ 18ರಷ್ಟು ಸಾರಜನಕ, ಅದೂ ಪೂರ್ತಿ ಅಮೋನಿಯಂ ರೂಪದಲ್ಲಿ. ನಿಮ್ಮ ಎರಡಡಿ ಟ್ಯಾಂಕ್‌ನಲ್ಲಿ ಗ್ರಾವೆಲ್ ಕಳೆದರೆ ಸುಮಾರು 45 ಲೀಟರ್ ನೀರು ಇರುತ್ತದೆ. ಕಾಲು ಟೀ ಚಮಚಕ್ಕಿಂತ ಕಡಿಮೆ, ಅಂದರೆ 1 ಗ್ರಾಂ ಡಿಎಪಿ ಅದರಲ್ಲಿ ಕರಗಿದರೂ ಲೀಟರಿಗೆ 4 ಮಿಲಿಗ್ರಾಂ ಅಮೋನಿಯಾ ಸಾರಜನಕ ಆಗುತ್ತದೆ. ಈ ಅಂಕಿ ಸೊನ್ನೆ ಇರಬೇಕು. ಬೋರ್‌ವೆಲ್ ನೀರಿನ ಪಿಎಚ್ 8ರ ಆಸುಪಾಸು ಮತ್ತು ನೀರು 28 ಡಿಗ್ರಿ ಇದ್ದರೆ ಅದರ ಶೇ 6ರಿಂದ 7ರಷ್ಟು ಭಾಗ ಮೀನಿನ ಕಿವಿರನ್ನು ಸುಡುವ ವಿಷದ ರೂಪಕ್ಕೆ ತಿರುಗುತ್ತದೆ. ಬೆಳಿಗ್ಗೆ ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವೆ. ತೋಟದ ಮಣ್ಣಿನಲ್ಲಿ ಜೇಡಿ ಇರುತ್ತದೆ, ಅದು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತೊಳೆದ ಗ್ರಾವೆಲ್‌ಗೆ ಆ ಶಕ್ತಿ ಇಲ್ಲ. ಯೂರಿಯಾ, 17:17:17, 19:19:19 ಮಿಶ್ರಗೊಬ್ಬರ ಕೂಡ ಇದೇ ಕಾರಣಕ್ಕೆ ಬೇಡ.

ಇನ್ನು ನಿಮ್ಮ ಮೂರು ಗಿಡಗಳು. ಅಮೆಜಾನ್ ಸ್ವೋರ್ಡ್ ಬೇರಿನಿಂದ ಹೊಟ್ಟೆ ತುಂಬಿಸಿಕೊಳ್ಳುವ ಗಿಡ. ಚೆನ್ನಾಗಿ ಬೆಳೆದರೆ ಅದರ ಬೇರು ಎರಡಡಿ ಟ್ಯಾಂಕ್‌ನ ತಳವನ್ನೆಲ್ಲ ಹೆಣೆದುಬಿಡುತ್ತದೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಅಪೊನೊಜಿಟಾನ್, ಟೈಗರ್ ಲೋಟಸ್ ಕೂಡ ಇದೇ ಜಾತಿಯ ಹಸಿವಿನವು. ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಅನ್ನೇ ನೋಡಿ: ಹರಿಯುವ ನೀರಿನಲ್ಲಿ ಎಲೆ ತೇಲಿಸಿಕೊಂಡು, ಕಲ್ಲುಮರಳಿನ ಸಂದಿಯಲ್ಲಿ ಬೇರನ್ನು ಗಟ್ಟಿಯಾಗಿ ಊರಿ ನಿಂತಿರುತ್ತದೆ. ಆದರೆ ಅನುಬಿಯಾಸ್‌ಗೆ ರೂಟ್ ಟ್ಯಾಬ್ ಹಾಕಿದರೆ ದುಡ್ಡು ದಂಡ. ಅದರ ದಪ್ಪ ಕಾಂಡವನ್ನು ಗ್ರಾವೆಲ್‌ನಲ್ಲಿ ಹೂಳಲೂಬಾರದು, ಕೊಳೆಯುತ್ತದೆ. ಹೂತಿದ್ದರೆ ಇವತ್ತೇ ಕಿತ್ತು ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ. ಜಾವಾ ಫರ್ನ್‌ಗೂ ಇದೇ ಮಾತು. ಇವೆರಡೂ ತಿನ್ನುವುದು ನೀರಿನಿಂದ, ಹಾಗಾಗಿ ಇವುಗಳಿಗೆ ದ್ರವ ಗೊಬ್ಬರ.

ಟ್ಯಾಬ್ ಆರಿಸುವ ಮುಂಚೆ ಎಲೆಯನ್ನು ಹತ್ತಿರದಿಂದ ನೋಡಬೇಕು. ಹೊಸ ಎಲೆ ಬಿಳಚಿ ಅದರ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಗಿಡ ಹಳೆ ಎಲೆಯಲ್ಲಿರುವ ಕಬ್ಬಿಣವನ್ನು ಹೊಸದಕ್ಕೆ ಸಾಗಿಸಲಾರದು, ಅದಕ್ಕೇ ಪೆಟ್ಟು ಬೀಳುವುದು ಚಿಗುರಿಗೆ. ಸಾರಜನಕ ಕಡಿಮೆಯಾದಾಗ ಇದರ ಉಲ್ಟಾ: ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ, ಕೆಳಗಿನ ಎಲೆ ಪೂರ್ತಿ ಹಳದಿಯಾಗುತ್ತದೆ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಾಗಿ, ಸುತ್ತ ಹಳದಿ ಅಂಚು ಕಟ್ಟಿದರೆ ಪೊಟ್ಯಾಸಿಯಂ ಸಾಲುತ್ತಿಲ್ಲ ಎನ್ನಿ.

ನೀವು ಹೇಳಿದ ಲಕ್ಷಣ ಕಬ್ಬಿಣದ್ದು, ಮತ್ತು ಬೋರ್‌ವೆಲ್ ನೀರಿನಲ್ಲಿ ಇದು ತೀರಾ ಸಾಮಾನ್ಯ. ಹೆಚ್ಚಿನ ದ್ರವ ಗೊಬ್ಬರಗಳಲ್ಲಿ ಕಬ್ಬಿಣ ಇಡಿಟಿಎ ರೂಪದಲ್ಲಿರುತ್ತದೆ, ಅಂದರೆ ಅದನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಒಂದು ರಾಸಾಯನಿಕದ ಜೊತೆ. ಪಿಎಚ್ 6.5 ದಾಟುತ್ತಿದ್ದಂತೆ ಇಡಿಟಿಎ ಹಿಡಿತ ಸಡಿಲವಾಗುತ್ತದೆ, ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಡಿಟಿಪಿಎ ಎಂಬ ಅಂಥದೇ ಇನ್ನೊಂದು ರಾಸಾಯನಿಕದ ರೂಪದ್ದು 7.5ರ ತನಕ ತಾಳುತ್ತದೆ. ಗಡಸು ನೀರಿನಲ್ಲಿ ಬೇರಿನ ಗೊಬ್ಬರ ಗೆಲ್ಲುವುದು ಇಲ್ಲೇ. ಗ್ರಾವೆಲ್‌ನ ಆಳದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಅಲ್ಲಿ ಕಬ್ಬಿಣ ಬೇರು ಹೀರುವ ರೂಪದಲ್ಲೇ ಬಹುಕಾಲ ಉಳಿಯುತ್ತದೆ. ಅಂದ ಹಾಗೆ, ತಳದಲ್ಲಿ ಬಿಳಿ ಮಾರ್ಬಲ್ ಚಿಪ್ಸ್ ಅಥವಾ ಹವಳದ ಚೂರು ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ನಾಲ್ಕು ಹರಳಿನ ಮೇಲೆ ವಿನೆಗರ್ ಹನಿಸಿ, ನೊರೆ ಬಂದರೆ ಅದು ದಿನವೂ ನೀರಿನ ಗಡಸುತನ ಏರಿಸುತ್ತಿದೆ ಎಂದೇ ಅರ್ಥ.

ಅಂಗಡಿಯ ಹತ್ತು ತರಹವನ್ನೂ ಪ್ಯಾಕೆಟ್‌ನ ಹಿಂಬದಿ ಓದಿ ಎರಡು ಗುಂಪು ಮಾಡಬಹುದು. ಮೊದಲನೆಯದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಬೋರಾನ್, ಸತುವಿನಂಥ ಸೂಕ್ಷ್ಮ ಪೋಷಕಾಂಶಗಳೇ ಮುಖ್ಯ, ಸಾರಜನಕ ಮತ್ತು ರಂಜಕ ಇಲ್ಲ ಅಥವಾ ತೀರಾ ಕಡಿಮೆ. ಎರಡನೆಯದು ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಸಿಯಂ) ಸೇರಿದ ಪೂರ್ಣ ಗೊಬ್ಬರ. ಯಾವ ಗುಂಪು ಎಂಬುದನ್ನು ನಿರ್ಧರಿಸುವುದು ನಿಮ್ಮ ಮೀನುಗಳು. ನೈಟ್ರೇಟ್ ಟೆಸ್ಟ್ ಮಾಡಿ. ಲೀಟರಿಗೆ 20 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಸಾರಜನಕವನ್ನು ಮೀನಿನ ಆಹಾರವೇ ಒದಗಿಸುತ್ತಿದೆ, ಮೊದಲ ಗುಂಪಿನದು ತನ್ನಿ. 5ಕ್ಕಿಂತ ಕೆಳಗಿದ್ದು, ನಾಲ್ಕೈದು ಸಣ್ಣ ಮೀನುಗಳಷ್ಟೇ ಇದ್ದರೆ ಎರಡನೆಯ ಗುಂಪು, ಅದರಲ್ಲೂ ಕಬ್ಬಿಣ ಎಂದು ಸ್ಪಷ್ಟವಾಗಿ ನಮೂದಿಸಿರುವುದು. ಏನೇನಿದೆ ಎಂದೇ ಬರೆಯದ ಪ್ಯಾಕೆಟ್ ಎಷ್ಟೇ ಅಗ್ಗವಾದರೂ ಬೇಡ. ತಳಕ್ಕೆ ಅಕ್ವಾಸಾಯಿಲ್ (ಪೋಷಕಾಂಶ ತುಂಬಿದ ಅಕ್ವೇರಿಯಂ ಮಣ್ಣು) ಹಾಕಿರುವವರು ಮೊದಲ ವರ್ಷ ಇದರ ತಂಟೆಗೇ ಹೋಗಬೇಕಿಲ್ಲ.

ಎರಡನೆಯ ಗುಂಪಿನದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆಸ್ಮೋಕೋಟ್‌ನಂಥ ನಿಧಾನವಾಗಿ ಬಿಡುವ ಗೊಬ್ಬರದ ಗುಂಡು ಕೊತ್ತಂಬರಿ ಬೀಜದಷ್ಟಿರುತ್ತದೆ, ಸುತ್ತ ರಾಳದ ತೆಳು ಪದರ. ನೀರು ಒಳಗೆ ಜಿನುಗಿ, ಕರಗಿದ ಗೊಬ್ಬರ ಅಷ್ಟಷ್ಟೇ ಹೊರಗೆ ಬರುತ್ತದೆ. ಸೂಕ್ಷ್ಮ ಪೋಷಕಾಂಶಗಳೂ ಇರುವ ‘ಪ್ಲಸ್’ ತರಹವನ್ನೇ ಕೇಳಿ. 00 ಅಳತೆಯ ಖಾಲಿ ಕ್ಯಾಪ್ಸೂಲ್‌ಗೆ ಮುಕ್ಕಾಲು ಗ್ರಾಂನಷ್ಟು ತುಂಬಿ. ಶೇ 15 ಸಾರಜನಕವಿರುವ ಗುಂಡುಗಳ ಇಂಥ ನಾಲ್ಕು ಕ್ಯಾಪ್ಸೂಲ್‌ನಲ್ಲಿ ಸುಮಾರು 450 ಮಿಲಿಗ್ರಾಂ ಸಾರಜನಕ. 1 ಗ್ರಾಂ ಡಿಎಪಿಯಲ್ಲಿರುವುದರ ಎರಡೂವರೆ ಪಟ್ಟು ಇದ್ದರೂ, ತಿಂಗಳುಗಟ್ಟಲೆ ಹಂಚಿ ಬರುವುದರಿಂದ ಗಿಡ ಮತ್ತು ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ಆದರೆ ಪ್ಯಾಕೆಟ್ ಮೇಲಿನ ‘5–6 ತಿಂಗಳು’ 21 ಡಿಗ್ರಿಯ ಲೆಕ್ಕ. ಮಂಗಳೂರು, ರಾಯಚೂರಿನ ಸೆಕೆಗೆ ಟ್ಯಾಂಕ್ 29–30 ಡಿಗ್ರಿಗೆ ಏರಿದರೆ ಅದು ಮೂರ್ನಾಲ್ಕು ತಿಂಗಳಿಗೇ ಮುಗಿಯುತ್ತದೆ, ಅಂದರೆ ದಿನಕ್ಕೆ ಬಿಡುವ ಪ್ರಮಾಣವೂ ಹೆಚ್ಚು.

ಕ್ಯಾಪ್ಸೂಲ್ ಸಿಗದಿದ್ದರೆ ಕುಂಬಾರರ ಜೇಡಿಮಣ್ಣಿನಲ್ಲಿ ಅಡಿಕೆ ಗಾತ್ರದ ಉಂಡೆ ಮಾಡಿ, ನಡುವೆ ಎಂಟ್ಹತ್ತು ಗುಂಡು ಇಟ್ಟು ನೆರಳಲ್ಲಿ ಎರಡು ಮೂರು ದಿನ ಒಣಗಿಸಿ. ಒಲೆಯ ಮೇಲೆ, ಓವನ್‌ನಲ್ಲಿ ಒಣಗಿಸಬೇಡಿ, ರಾಳದ ಪದರ ಹಾಳಾಗುತ್ತದೆ. ನಮಗೆ ಕ್ಯಾಪ್ಸೂಲ್‌ಗಿಂತ ಈ ಉಂಡೆಯೇ ಹೆಚ್ಚು ಇಷ್ಟ: ತೇಲುವುದಿಲ್ಲ, ಸೋರಿದ ಅಮೋನಿಯಂ ಅನ್ನು ಜೇಡಿಯೇ ಹಿಡಿದುಕೊಳ್ಳುತ್ತದೆ. ಸಗಣಿ ಗೊಬ್ಬರ, ಎರೆಗೊಬ್ಬರವನ್ನು ಗ್ರಾವೆಲ್‌ನಲ್ಲಿ ಹೂಳುವುದು ಬೇಡ. ಗಾಳಿಯಾಡದೆ ಕೊಳೆತರೆ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆಗಳು ಏಳುತ್ತವೆ, ಬೇರು ಕಪ್ಪಾಗುತ್ತದೆ.

ಹಾಕುವ ಕೆಲಸದಲ್ಲೇ ಅರ್ಧ ಜನ ಎಡವುವುದು. ತಳದಲ್ಲಿ ಗ್ರಾವೆಲ್ ಕನಿಷ್ಠ 6–7 ಸೆಂ.ಮೀ. ಇರಲಿ. ಕ್ಯಾಪ್ಸೂಲ್‌ನ ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಇಲ್ಲವಾದರೆ ಒಳಗಿನ ಗಾಳಿ ಅದನ್ನು ಮೇಲಕ್ಕೆಳೆಯುತ್ತದೆ. ಉದ್ದ ಚಿಮಟದಲ್ಲಿ ಹಿಡಿದು, ಗಿಡದ ಬುಡದಿಂದ 5ರಿಂದ 8 ಸೆಂ.ಮೀ. ದೂರದಲ್ಲಿ, ಗಾಜಿನ ತಳ ಮುಟ್ಟುವಷ್ಟು ಆಳಕ್ಕೆ ಒಂದೇ ಸಲ ಒತ್ತಿ. ಅಲ್ಲೇ ಚಿಮಟ ಸಡಿಲಿಸಿ, ಸ್ವಲ್ಪ ಅಲುಗಾಡಿಸಿ, ಪಕ್ಕದ ಹರಳು ಗುಂಡಿಗೆ ಜಾರಿದ ಮೇಲೆ ನಿಧಾನಕ್ಕೆ ಎಳೆಯಿರಿ. ಒತ್ತಿ ಮಾಡಿದ ಟ್ಯಾಬ್ ಆದರೆ ಒದ್ದೆಯಾದ ಕ್ಷಣದಿಂದ ಉದುರತೊಡಗುತ್ತದೆ, ಚಿಮಟ ನೀರಿಗಿಳಿದ ಐದಾರು ಸೆಕೆಂಡಿನಲ್ಲಿ ಅದು ಗ್ರಾವೆಲ್ ಒಳಗಿರಬೇಕು.

ನಿಮ್ಮ ಟ್ಯಾಂಕ್‌ಗೆ ಲೆಕ್ಕ ಹೀಗೆ: ಸ್ವೋರ್ಡ್ ಸುತ್ತ ತ್ರಿಕೋನದಂತೆ ಮೂರು, ವ್ಯಾಲಿಸ್ನೇರಿಯಾ ಸಾಲಿಗೆ 12–15 ಸೆಂ.ಮೀ.ಗೆ ಒಂದರಂತೆ ಮೂರು ನಾಲ್ಕು. ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಅರ್ಧ ಹಾಕಿ, ಒಂದು ವಾರ ಅಮೋನಿಯಾ ಟೆಸ್ಟ್ ಮಾಡುತ್ತಾ ಬನ್ನಿ. ಸೊನ್ನೆಯೇ ಇದ್ದರೆ ಉಳಿದರ್ಧ ಹಾಕಿ. ಅಂಗಡಿಯ ಟ್ಯಾಬ್ ಆದರೆ ಮೂರು ತಿಂಗಳಿಗೊಮ್ಮೆ ಹೊಸತು.

ತಳ ಕೆದಕುವ ಗೋಲ್ಡ್‌ಫಿಶ್, ಸಿಕ್ಲಿಡ್ ಇದ್ದರೆ ಗುಂಡುಗಳು ಮೇಲೆ ಬರುತ್ತವೆ, ಹಾಗಾಗಿ ಟ್ಯಾಬ್ ಹೂತ ಜಾಗದ ಮೇಲೆ ಚಪ್ಪಟೆ ಕಲ್ಲಿಡಿ. ಇನ್ನೊಂದು ಅಪಾಯ ತಿಂಗಳ ನಂತರ ಬರುತ್ತದೆ: ಗಿಡದ ಜಾಗ ಬದಲಿಸಲು ಸ್ವೋರ್ಡ್ ಅನ್ನು ಬುಡ ಹಿಡಿದು ಎಳೆದರೆ ಬೇರಿನ ಜೊತೆ ಅರ್ಧ ಕರಗಿದ ಗೊಬ್ಬರವೆಲ್ಲ ನೀರಿಗೆ ಬರುತ್ತದೆ, ಎರಡು ದಿನದಲ್ಲಿ ನೀರು ಹಸಿರು. ಎಳೆಯುವ ಬದಲು ಸುತ್ತಲಿನ ಬೇರನ್ನು ಕತ್ತರಿಯಿಂದ ಕತ್ತರಿಸಿ ಎತ್ತಿ. ಆದರೂ ಚೆಲ್ಲಿತೆಂದರೆ ಸೈಫನ್ ಪೈಪಿನಲ್ಲಿ ಗುಂಡುಗಳನ್ನು ಹೀರಿ ತೆಗೆದು, ಅದೇ ದಿನ ಅರ್ಧ ನೀರು ಬದಲಿಸಿ. ಹಾಗೆ ಸಿಕ್ಕ ಗುಂಡನ್ನು ಉಗುರಲ್ಲಿ ಒತ್ತಿ ನೋಡಿ: ಬರೀ ನೀರು ಚಿಮ್ಮಿ ಸಿಪ್ಪೆ ಚಪ್ಪಟೆಯಾದರೆ ಗೊಬ್ಬರ ತೀರಿದೆ, ಗಟ್ಟಿ ಇದ್ದರೆ ಇನ್ನೂ ಉಳಿದಿದೆ.

ಈಗಾಗಲೇ ಬಿಳಚಿದ ಎಲೆ ಪೂರ್ತಿ ಹಸಿರಾಗುವುದನ್ನು ಕಾಯಬೇಡಿ. ಟ್ಯಾಬ್ ಹಾಕಿದ ಎರಡು ಮೂರು ವಾರಗಳ ನಂತರ ನಡುವಿನಿಂದ ಹೊರಡುವ ಎಲೆಯ ಬಣ್ಣ ನೋಡಿ ತೀರ್ಮಾನಿಸಿ. ಅದೂ ಬಿಳಿಯಾಗೇ ಬಂದರೆ ಇನ್ನೊಂದು ಟ್ಯಾಬ್ ತುರುಕಬೇಡಿ. ಒಂದು ಹಳೆಯ ಟ್ಯಾಬ್ ಇದ್ದ ಕಡೆ ಗ್ರಾವೆಲ್ ಸರಿಸಿ, ಬಿಳಿ ಬೇರು ಅಲ್ಲಿಯವರೆಗೆ ಬಂದಿದೆಯೇ ನೋಡಿ. ಬಂದಿರದಿದ್ದರೆ ಟ್ಯಾಬ್ ಅನ್ನು ಈಗಿರುವಲ್ಲಿಂದ ಬುಡದ ಕಡೆಗೆ ಎರಡು ಸೆಂ.ಮೀ. ಸರಿಸಿ.