ಟಂಗ್‌ಸ್ಟನ್ ಕರಗಲೇ ಇಲ್ಲ

ಪ್ರಶ್ನೆ: ವಿಲಿಯಂ ಕೂಲಿಜ್ ಟಂಗ್‌ಸ್ಟನ್ ಪುಡಿಯನ್ನು ಕರಗಿಸಿ ಬಲ್ಬಿನ ತಂತಿ ಮಾಡಿದರು ಎಂದು ಓದಿದ್ದೇನೆ. ಹೇಗೂ ಕರಗಿಸುವುದಾದರೆ ಮೊದಲು ಪುಡಿ ಏಕೆ ಮಾಡಬೇಕಿತ್ತು?

ಉತ್ತರ: ಪ್ರಶ್ನೆಯ ಎರಡನೆಯ ಅರ್ಧ ನನಗೆ ಬಹಳ ಹಿಡಿಸಿತು. ಸರಿಯಾಗಿ ಯೋಚಿಸುವವರು ಕೇಳುವುದು ಅದನ್ನೇ. ತಪ್ಪಿರುವುದು ಮೊದಲ ಅರ್ಧದಲ್ಲಿ. ಕೂಲಿಜ್ ಟಂಗ್‌ಸ್ಟನ್ ಕರಗಿಸಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ‘ಪುಡಿ ಹಾಕು, ಕರಗಿಸು, ಅಚ್ಚಿಗೆ ಹೊಯ್ಯಿ, ಅದೇ ಪೌಡರ್ ಮೆಟಲರ್ಜಿ (ಪುಡಿಯಿಂದ ಲೋಹದ ವಸ್ತು ಮಾಡುವ ವಿದ್ಯೆ)’ ಎಂಬ ಮಾತು ಮತ್ತೆ ಮತ್ತೆ ಬರುತ್ತಲೇ ಇದೆ. ಇವತ್ತು ಬೇರು ಸಮೇತ ಕೀಳೋಣ.

ಮೊದಲು ಮನುಷ್ಯನ ಪರಿಚಯ. ಕೂಲಿಜ್ ಹುಟ್ಟಿದ್ದು 1873ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಡ್ಸನ್ ಊರಿನಲ್ಲಿ. ಎಂಐಟಿಯಲ್ಲಿ ಓದಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದು, 1905ರಲ್ಲಿ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯ ಸೇರಿದರು. ಆಗ ಎಡಿಸನ್ ಕಾಲದ ಇಂಗಾಲದ ತಂತಿಯ ಬಲ್ಬುಗಳೇ ಎಲ್ಲೆಡೆ ಇದ್ದವು. ಟಂಗ್‌ಸ್ಟನ್ ತಂತಿಯೂ ಯೂರೋಪಿನಿಂದ ಬಂದಿತ್ತು. ಬೆಳಕು ಚೆನ್ನಾಗಿತ್ತು, ಆದರೆ ಮುಟ್ಟಿದರೆ ಮುರಿಯುತ್ತಿತ್ತು. ಬಳುಕುವ ಟಂಗ್‌ಸ್ಟನ್ ಬೇಕಿತ್ತು.

ಕರಗಿಸಿ ಎಳೆಯಬಹುದಿತ್ತಲ್ಲ? ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಟಂಗ್‌ಸ್ಟನ್ 3422ರಲ್ಲಿ. ಅದು ಕರಗುವ ಮೊದಲೇ ಅದನ್ನು ಇಟ್ಟ ಮೂಸೆ ಕರಗಿರುತ್ತದೆ. ಕರಗದ ಗ್ರಾಫೈಟ್ ಮೂಸೆ ತಂದರೆ ಟಂಗ್‌ಸ್ಟನ್ ಅದರ ಇಂಗಾಲವನ್ನೇ ಹೀರಿಕೊಂಡು ಇನ್ನಷ್ಟು ಪೆಡಸಾಗುತ್ತದೆ. ಪುಡಿಯ ದಾರಿ ಹಿಡಿದದ್ದು ಈ ಕಾರಣಕ್ಕೆ.

ದಾರಿ ಪೂರ್ತಿ ಹೊಸದೇನಲ್ಲ. ಅದಕ್ಕೂ ಸುಮಾರು ನೂರು ವರ್ಷ ಹಿಂದೆಯೇ ಲಂಡನ್ನಿನ ವಿಜ್ಞಾನಿ ವೊಲಾಸ್ಟನ್ ಪ್ಲಾಟಿನಂ ಪುಡಿಯನ್ನು ಒತ್ತಿ, ಕಾಯಿಸಿ, ಬಡಿದು ಗಟ್ಟಿ ಮಾಡಿದ್ದ. ಕೂಲಿಜ್ ಮೊದಲು ಕ್ಯಾಡ್ಮಿಯಂ-ಪಾದರಸದ ಮಿಶ್ರಣದಲ್ಲಿ ಟಂಗ್‌ಸ್ಟನ್ ಪುಡಿ ಕಲಸಿ ತಂತಿ ಹಿಂಡಿ ನೋಡಿದರು. ಕೊನೆಗೆ ಗೆದ್ದ ವಿಧಾನ ಬೇರೆ. ಹಳದಿ ಟಂಗ್‌ಸ್ಟನ್ ಆಕ್ಸೈಡನ್ನು ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಬೂದು ಬಣ್ಣದ ಲೋಹದ ಪುಡಿ ಸಿಗುತ್ತದೆ. ಅದನ್ನು ಒತ್ತಿ ಸರಳಾಗಿಸುತ್ತಾರೆ. ಈ ಹಂತದಲ್ಲಿ ಅದು ಬೆರಳಿಗೇ ಪುಡಿಯಾಗುವಷ್ಟು ಮೆದು. ಒಮ್ಮೆ ಕಾಯಿಸಿ ಕೊಂಚ ಬಲ ತಂದು, ಆಮೇಲೆ ಹೈಡ್ರೋಜನ್ ನಡುವೆ ಸರಳಿನ ಮೂಲಕವೇ ಭಾರೀ ವಿದ್ಯುತ್ ಹರಿಸುತ್ತಾರೆ. ಉಷ್ಣತೆ 3000 ಡಿಗ್ರಿಯ ಹತ್ತಿರ ಹೋಗುತ್ತದೆ, ಕರಗುವ ಬಿಂದು ಮುಟ್ಟುವುದಿಲ್ಲ. ಸರಳು ಕುಗ್ಗಿ ಬಿಗಿಯಾಗುತ್ತದೆ. ಇದಕ್ಕೇ ಸಿಂಟರಿಂಗ್ ಎನ್ನುವುದು.

ಕರಗದೆ ಅಂಟುವುದು ಹೇಗೆ? ಫ್ರೀಜರ್‌ನಲ್ಲಿ ಬಟ್ಟಲಿಗೆ ಹಾಕಿಟ್ಟ ಐಸ್ ತುಂಡುಗಳನ್ನು ನಾಲ್ಕು ದಿನ ಬಿಟ್ಟು ನೋಡಿ, ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ನಡುವೆ ಕರೆಂಟ್ ಹೋಗದಿದ್ದರೂ, ಒಂದು ಹನಿ ನೀರಾಗದಿದ್ದರೂ! ಕಣಗಳ ಮೇಲ್ಮೈಯ ಪರಮಾಣುಗಳು ಸುಮ್ಮನಿರುವುದಿಲ್ಲ. ಕಾವು ಹೆಚ್ಚಿದಷ್ಟೂ ಸರಿದಾಡುತ್ತವೆ. ಎರಡು ಕಣ ತಾಗಿದ ಜಾಗಕ್ಕೆ ಬಂದು ಸೇರುತ್ತವೆ, ಅಲ್ಲಿ ಸಣ್ಣ ಕತ್ತು ಬೆಳೆಯುತ್ತದೆ, ಕತ್ತು ದಪ್ಪವಾದಂತೆ ನಡುವಿನ ಖಾಲಿ ಜಾಗ ಕಿರಿದಾಗುತ್ತದೆ. ಒಟ್ಟು ಮೇಲ್ಮೈ ಕಡಿಮೆಯಾಗುವುದೇ ಇದರ ಹಿಂದಿನ ಒತ್ತಾಸೆ.

ಇನ್ನೂ ಅನುಮಾನವೇ? ಟೇಬಲ್ ಫ್ಯಾನಿನೊಳಗಿನ ಕಂಚಿನ ಬುಶ್ (ದಂಡ ತಿರುಗುವ ಬಳೆ) ನೆನಪಿಸಿಕೊಳ್ಳಿ. ತಾಮ್ರ, ತವರದ ಪುಡಿ ಒತ್ತಿ, ತಾಮ್ರ ಕರಗುವ 1085 ಡಿಗ್ರಿಗಿಂತ ಬಹಳ ಕೆಳಗೇ ಸಿಂಟರ್ ಮಾಡಿದ್ದು ಅದು. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಅವುಗಳಲ್ಲಿ ಎಣ್ಣೆ ತುಂಬಿರುತ್ತದೆ. ಅದಕ್ಕೇ ವರ್ಷಗಟ್ಟಲೆ ಎಣ್ಣೆ ಬಿಡದಿದ್ದರೂ ಫ್ಯಾನ್ ತಿರುಗುತ್ತದೆ. ತಾಮ್ರವೆಲ್ಲ ಕರಗಿ ನೀರಾಗಿದ್ದರೆ ಆ ರಂಧ್ರಗಳು ಉಳಿಯುತ್ತಿದ್ದವೇ? ಅಲ್ಲಿ ರಂಧ್ರ ಉಳಿಸುವುದೇ ಉದ್ದೇಶ, ಟಂಗ್‌ಸ್ಟನ್‌ನಲ್ಲಿ ಮುಚ್ಚುವುದು.

ಕೂಲಿಜ್ ಅವರ ನಿಜವಾದ ಹಿರಿಮೆ ಇದರ ಮುಂದಿನ ಹಂತದಲ್ಲಿದೆ. ಸಿಂಟರ್ ಆದ ಸರಳೂ ತಣ್ಣಗಿದ್ದಾಗ ಪೆಡಸೇ. ಅದನ್ನು ಚೆನ್ನಾಗಿ ಕಾಯಿಸಿ ಬಡಿದು, ವಜ್ರದ ಅಚ್ಚಿನ ತೂತುಗಳಲ್ಲಿ ಎಳೆಯುತ್ತ, ಹಂತ ಹಂತವಾಗಿ ಕಾವು ಇಳಿಸುತ್ತ ಹೋದರು. ಒಳಗಿನ ಹರಳುಗಳು ನಾರಿನಂತೆ ಉದ್ದವಾದವು. ಸಾಮಾನ್ಯ ಲೋಹ ಬಡಿದಷ್ಟೂ ಪೆಡಸಾಗುತ್ತದೆ, ಟಂಗ್‌ಸ್ಟನ್ ಈ ರೀತಿ ಬಡಿದಷ್ಟೂ ಬಳುಕತೊಡಗಿತು! 1910ರ ಹೊತ್ತಿಗೆ ತಣ್ಣಗಿದ್ದಾಗಲೂ ಬಗ್ಗುವ ತಂತಿ ಸಿದ್ಧವಾಗಿತ್ತು. ಉರಿದು ಹಳತಾದ ಬಲ್ಬಿನ ತಂತಿ ಒಂದು ಏಟಿಗೆ ಮುರಿಯುವುದೂ ಇದಕ್ಕೇ. ಉರಿಯುತ್ತ ಉರಿಯುತ್ತ ಆ ನಾರು ಮತ್ತೆ ದಪ್ಪ ಹರಳಾಗಿರುತ್ತದೆ. 1913ರಲ್ಲಿ ಇದೇ ಟಂಗ್‌ಸ್ಟನ್ ಇಟ್ಟುಕೊಂಡು ಅವರು ರೂಪಿಸಿದ ಕೊಳವೆ ಎಕ್ಸ್‌ರೇಯನ್ನು ವೈದ್ಯರ ಹಿಡಿತಕ್ಕೆ ತಂದಿತು. ಅವರು ತೀರಿಕೊಂಡದ್ದು 1975ರಲ್ಲಿ, 101ನೇ ವಯಸ್ಸಿನಲ್ಲಿ.

ನೀವು ಕೇಳಿಲ್ಲ, ಆದರೂ ಇದೊಂದು ಹೇಳಲೇಬೇಕು. ತಂತಿ ಎಳೆಯಲು ಬೇಕಾದ ಆ ವಜ್ರದ ಅಚ್ಚುಗಳು ಬಹಳ ದುಬಾರಿ. ಅದಕ್ಕೆ ಬದಲಿ ಹುಡುಕುತ್ತ ಬರ್ಲಿನ್ನಿನ ಓಸ್ರಾಂ ಬಲ್ಬ್ ಕಂಪನಿಯ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡ್ (ಟಂಗ್‌ಸ್ಟನ್ ಮತ್ತು ಇಂಗಾಲ ಸೇರಿದ ಬಲು ಗಟ್ಟಿ ವಸ್ತು) ಪುಡಿಗೆ ಕೋಬಾಲ್ಟ್ ಲೋಹ ಬೆರೆಸಿ ಸಿಂಟರ್ ಮಾಡಿದ. 1923ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹೋಯಿತು. ಇಲ್ಲಿ ಕೋಬಾಲ್ಟ್ ಭಾಗ ದ್ರವವಾಗುತ್ತದೆ, ತಂಬಿಟ್ಟಿನಲ್ಲಿ ಬೆಲ್ಲದ ಪಾಕ ಹಿಟ್ಟನ್ನು ಹಿಡಿದಂತೆ ಕಾರ್ಬೈಡ್ ಕಣಗಳನ್ನು ಹಿಡಿಯುತ್ತದೆ. ಕಣಗಳು ಆಗಲೂ ಗಟ್ಟಿಯಾಗಿಯೇ ಇರುತ್ತವೆ. ಕ್ರುಪ್ ಕಂಪನಿ ಇದನ್ನು ‘ವಜ್ರದಂತೆ’ ಎಂಬರ್ಥದ ಜರ್ಮನ್ ಮಾತಿನಿಂದ ವಿಡಿಯಾ ಎಂದು ಕರೆದು ಮಾರಿತು. ಬೆಂಗಳೂರಿನಲ್ಲೂ ಮುಂದೆ ವಿಡಿಯಾ ಕಾರ್ಖಾನೆ ಬಂತು. ಲೇತ್ ಕೆಲಸದವರು ‘ವಿಡಿಯಾ ಟೂಲ್ ಕೊಡಪ್ಪಾ’ ಎನ್ನುವಾಗ ಕೇಳುವುದು ಬಲ್ಬಿನ ತಂತಿಗಾಗಿ ಹುಟ್ಟಿದ ಆ ವಸ್ತುವನ್ನೇ. ನಿಮ್ಮ ಮನೆಯ ಗೋಡೆ ಕೊರೆಯುವ ಡ್ರಿಲ್ ಬಿಟ್‌ನ ತುದಿಗೆ ಬೆಸೆದ ಚೂರೂ ಅದೇ.